ಗಾಜಿನ ಪೆಟ್ಟಿಗೆಯಲ್ಲಿರುವ ಕ್ಯಾಮೆರಾಗಳನ್ನು ಒಮ್ಮೆ ಹೊರಗೆ ತೆಗೆಯಿರಿ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ಹಳೆಯ ಸಿನಿಮಾ ಕ್ಯಾಮೆರಾಗಳ ಬಗ್ಗೆ ಬಂದ ಬರಹ ಓದಿದೆ. ಫೋಟೊಗಳು ಚೆನ್ನಾಗಿದ್ದವು. ಆದರೆ ಇವೆಲ್ಲ ಇನ್ನು ಶೋಕೇಸಿನಲ್ಲಿಟ್ಟು ನೋಡೋದಕ್ಕೆ ಮಾತ್ರ ಅನ್ನುವ ಅರ್ಥದ ಒಂದು ಸಾಲು ಇತ್ತಲ್ಲ, ಅದಕ್ಕೆ ನನ್ನ ತಕರಾರಿದೆ. ಆ ಫೋಟೊಗಳಲ್ಲಿ ಕಂಡ ಕ್ಯಾಮೆರಾಗಳಲ್ಲಿ ಒಂದು ಬೋಲೆಕ್ಸ್ ಎಚ್-16. ಸ್ವಿಟ್ಜರ್ಲೆಂಡಿನ ಪೈಲಾರ್ ಕಂಪನಿ 1935ರಲ್ಲಿ ಮಾರುಕಟ್ಟೆಗೆ ತಂದ ಮಾದರಿ ಅದು. ಅದಕ್ಕೆ ಕರೆಂಟ್ ಬೇಡ, ಬ್ಯಾಟರಿ ಬೇಡ. ಪಕ್ಕದ ಹ್ಯಾಂಡಲ್ ತಿರುಗಿಸಿ ಸ್ಪ್ರಿಂಗಿಗೆ ಕೀ ಕೊಟ್ಟರೆ ಓಡುತ್ತದೆ. ಅದೇ ಕಂಪನಿ 1956ರಲ್ಲಿ ತಂದ ರಿಫ್ಲೆಕ್ಸ್ ಸಾಲಿನ, ಅಂದರೆ ಲೆನ್ಸಿನ ಮೂಲಕವೇ ನೋಡುವ, ಒಂದು ಕ್ಯಾಮೆರಾ ನನ್ನ ಹತ್ತಿರ ಇದೆ. ಈಗಲೂ ಅದರಲ್ಲಿ ಶೂಟ್ ಮಾಡುತ್ತೇನೆ. ಕ್ಯಾಮೆರಾಗೆ ಏನೂ ಆಗಿಲ್ಲ ಸ್ವಾಮಿ, ಅದನ್ನು ಸಜ್ಜು ಮಾಡಲು ಗೊತ್ತಿರುವವರು ಕಡಿಮೆಯಾಗಿದ್ದಾರೆ ಅಷ್ಟೇ.

ಈಗ ಏನಾಗುತ್ತಿದೆ ಅಂದರೆ, ಹುಡುಗರು ಆನ್‌ಲೈನಿನಲ್ಲಿ ‘ವರ್ಕಿಂಗ್ ಕಂಡೀಶನ್’ ಅಂತ ನೋಡಿ ದುಡ್ಡು ಕೊಟ್ಟು ತರಿಸಿಕೊಳ್ಳುತ್ತಾರೆ. ಮಾರುವವನಿಗೆ ವರ್ಕಿಂಗ್ ಅಂದರೆ ಬಟನ್ ಒತ್ತಿದಾಗ ಗಿರ್ ಅನ್ನಬೇಕು, ಅಷ್ಟೇ. ವಿಡಿಯೊದಲ್ಲಿ ಜೋರಾಗಿ ಕೇಳಲಿ ಅಂತ ಫಿಲ್ಮ್ ಇಲ್ಲದೆ ಖಾಲಿ ಕ್ಯಾಮೆರಾವನ್ನು ಸೆಕೆಂಡಿಗೆ 64 ಫ್ರೇಮಿನ ವೇಗಕ್ಕೆ ಇಟ್ಟು ಓಡಿಸಿ ತೋರಿಸುತ್ತಾನೆ, ಅದು ಆ ಯಂತ್ರಕ್ಕೆ ಮಾಡಬಾರದ ಕೆಲಸ. ಕೊಂಡವರು ಡಬ್ಬಿ ಬಿಚ್ಚಿದ ದಿನವೇ ದುಬಾರಿ ರೀಲ್ ಹಾಕುತ್ತಾರೆ. ಲ್ಯಾಬಿನಲ್ಲಿ ತೊಳೆದು (ಡೆವಲಪ್ ಆಗಿ) ಬಂದ ಮೇಲೆ ನೋಡಿದರೆ ಏನೂ ಇಲ್ಲ, ಇಲ್ಲವೇ ಎಲ್ಲ ಮೇಲೆ ಕೆಳಗೆ ಎಳೆದಂತೆ ಕಲಸಿಹೋಗಿದೆ. ಆಮೇಲೆ ಕ್ಯಾಮೆರಾ ಟಿವಿ ಪಕ್ಕದ ಶೆಲ್ಫಿಗೆ ಹೋಗುತ್ತದೆ. ನಿಮ್ಮ ಪುರವಣಿಯವರು ಬಂದು ಫೋಟೊ ತೆಗೆಯುತ್ತಾರೆ.

ಹಳೆಯ ಕ್ಯಾಮೆರಾ ಕೈಗೆ ಬಂದಾಗ ಮೊದಲು ಮಾಡಬೇಕಾದ ಕೆಲಸಕ್ಕೆ ಫಿಲ್ಮೇ ಬೇಡ. ಒಂದು ಟಾರ್ಚ್ ಸಾಕು. ಲೆನ್ಸ್ ಬಿಚ್ಚಿ, ಅಪರ್ಚರ್ (ಬೆಳಕು ಬರುವ ಕಿಂಡಿ) ಪೂರ್ತಿ ತೆರೆದು, ಹಿಂದಿನಿಂದ ಟಾರ್ಚ್ ಹಿಡಿದು ನೋಡಿ. ಜೇಡನ ಬಲೆಯಂಥ ಎಳೆಗಳು ಕಂಡರೆ ಫಂಗಸ್. ಮಲೆನಾಡು, ಕರಾವಳಿಯ ಮನೆಗಳಿಂದ ಬರುವ ಲೆನ್ಸುಗಳಲ್ಲಿ ಇದು ಜಾಸ್ತಿ. ಜೊತೆಗೆ ಬರುವ ಆ ಚೆಂದದ ಚರ್ಮದ ಪೆಟ್ಟಿಗೆ ಇದೆಯಲ್ಲ, ತೇವ ಹಿಡಿದಿಟ್ಟುಕೊಳ್ಳುವುದೇ ಅದು. ಪೆಟ್ಟಿಗೆಯನ್ನು ಬೇಕಾದರೆ ಶೋಕೇಸಿನಲ್ಲಿ ಇಡಿ, ಕ್ಯಾಮೆರಾ ಮತ್ತು ಲೆನ್ಸನ್ನು ಗಾಳಿಯಾಡುವ ಕಡೆ ಸಿಲಿಕಾ ಜೆಲ್ ಜೊತೆ ಇಡಿ. ಆಮೇಲೆ ಗೇಟ್. ಫಿಲ್ಮ್ ಒಂದು ಕ್ಷಣ ನಿಂತು ಬೆಳಕು ತಿನ್ನುವ ಜಾಗ ಅದು. ಅಲ್ಲಿ ಹಳೇ ಎಮಲ್ಷನ್, ಅಂದರೆ ಫಿಲ್ಮಿನ ಲೇಪದ, ಚೂರು ಅಂಟಿಕೊಂಡಿದ್ದರೆ ಇಡೀ ರೀಲಿನ ಉದ್ದಕ್ಕೂ ಗೀರು ಬೀಳುತ್ತದೆ. ಅದನ್ನು ಮೆತ್ತಗಿನ ಮರದ ಕಡ್ಡಿಯಿಂದ ತೆಗೆಯಬೇಕು. ಪಿನ್ನು, ಬ್ಲೇಡು, ಸ್ಕ್ರೂಡ್ರೈವರ್ ಹತ್ತಿರ ಕೂಡ ತರಬೇಡಿ. ಗೇಟಿನ ಮೇಲೆ ಒಂದು ಗೀರು ಬಿದ್ದರೆ ಅದು ಮುಂದೆ ಹಾಕುವ ಪ್ರತಿ ರೀಲಿನ ಮೇಲೂ ಬೀಳುತ್ತದೆ.

ಇನ್ನೊಂದು ವಿಷಯ ಕೊಳ್ಳುವ ಮೊದಲೇ ನೋಡಬೇಕು. ತುಂಬಾ ಹಳೆಯ 16 ಎಂ.ಎಂ. (ಫಿಲ್ಮಿನ ಅಗಲ ಅದು) ಕ್ಯಾಮೆರಾಗಳಲ್ಲಿ ಫಿಲ್ಮನ್ನು ಎಳೆಯುವ ಸ್ಪ್ರಾಕೆಟ್ ಚಕ್ರಕ್ಕೆ ಎರಡೂ ಕಡೆ ಹಲ್ಲುಗಳಿರುತ್ತವೆ. ಈಗ ಸಿಗುವ ಫಿಲ್ಮಿಗೆ ಸಾಮಾನ್ಯವಾಗಿ ಒಂದೇ ಕಡೆ ತೂತು. ತೂತಿಲ್ಲದ ಕಡೆಯನ್ನು ಆ ಹಲ್ಲುಗಳು ಕಚ್ಚಿ ಹರಿದುಹಾಕುತ್ತವೆ. ಮುಚ್ಚಳ ತೆರೆದು ಹಲ್ಲು ನೋಡಲು ಅರ್ಧ ನಿಮಿಷ ಸಾಕು. ಮಾರುವವರ ಹತ್ತಿರ ಒಳಗಿನ ಫೋಟೊ ಕೇಳಿ, ಕೊಡದಿದ್ದರೆ ಕೊಳ್ಳಬೇಡಿ.

ಇನ್ನು ಫಿಲ್ಮ್ ಹಾಕುವ ವಿಷಯ. ಈ ಪತ್ರ ಬರೆಯಲು ಕೂತದ್ದೇ ಇದಕ್ಕೆ. ನನಗೆ ಹೇಳಿಕೊಟ್ಟವರು ಮದ್ರಾಸಿನ ಸ್ಟುಡಿಯೊಗಳಲ್ಲಿ ಕ್ಯಾಮೆರಾ ಅಸಿಸ್ಟೆಂಟ್ ಆಗಿದ್ದು ಆಮೇಲೆ ಮೈಸೂರಿಗೆ ಬಂದು ನೆಲೆಸಿದ ಒಬ್ಬ ಹಿರಿಯರು. ಅವರು ಒಳ್ಳೆ ಫಿಲ್ಮ್ ಮುಟ್ಟಲು ಬಿಡಲೇ ಇಲ್ಲ. ಡೇಟ್ ಮುಗಿದ ಒಂದು ರೀಲನ್ನು ಕೈಗೆ ಕೊಟ್ಟು, ‘ಇದನ್ನ ಹಾಕಿ ತೆಗಿ, ಹಾಕಿ ತೆಗಿ. ಕಣ್ಣು ಮುಚ್ಕೊಂಡು ಹಾಕೋ ಹಾಗಾದ ಮೇಲೆ ಮಾತಾಡೋಣ’ ಅಂದರು. ಸುಮ್ನೆ ತಮಾಷೆಗೆ ಹೇಳಿದ್ದಲ್ಲ. ದೊಡ್ಡ ಕ್ಯಾಮೆರಾಗಳ ಮ್ಯಾಗಜಿನ್ನಿಗೆ, ಅಂದರೆ ಫಿಲ್ಮಿನ ಡಬ್ಬಿಗೆ, ಫಿಲ್ಮ್ ತುಂಬುವುದು ಕತ್ತಲೆ ಚೀಲದಲ್ಲಿ, ಎರಡೂ ತೋಳು ಒಳಗೆ ತೂರಿಸಿಕೊಂಡು. ಅಲ್ಲಿ ಕಣ್ಣಿಗೆ ಕೆಲಸವೇ ಇಲ್ಲ.

ಬೋಲೆಕ್ಸಿನಲ್ಲಿ ಅಷ್ಟು ಕಷ್ಟವಿಲ್ಲ. 100 ಅಡಿಯ ಸ್ಪೂಲ್ ಎರಡೂ ಬದಿ ಮುಚ್ಚಿಕೊಂಡಿರುತ್ತದೆ, ನೆರಳಿನಲ್ಲಿ ಕೂತು ಹಾಕಬಹುದು. ನಡು ಬಿಸಿಲಿನಲ್ಲಿ ಬೇಡ. ಮೊದಲು ಸ್ಪ್ರಿಂಗಿಗೆ ಕೀ ಕೊಡಿ. ವೇಗವನ್ನು 24ಕ್ಕೆ ಅಥವಾ ಅದಕ್ಕಿಂತ ಕೆಳಗೆ ಇಡಿ. ಫಿಲ್ಮಿನ ತುದಿಯನ್ನು ನೇರವಾಗಿ ಕತ್ತರಿಸಿ, ಅದಕ್ಕೆಂದೇ ಕ್ಯಾಮೆರಾ ಒಳಗೆ ಪುಟ್ಟ ಕಟ್ಟರ್ ಇದೆ. ಓರೆಯಾಗಿ ಕತ್ತರಿಸಿದ ತುದಿ ಮಧ್ಯದಲ್ಲಿ ಎಲ್ಲೋ ಸಿಕ್ಕಿಕೊಂಡು ಅಕಾರ್ಡಿಯನ್ ಆಗುತ್ತದೆ. ಹೊಳಪಿಲ್ಲದ ಬದಿ ಲೆನ್ಸಿನ ಕಡೆ ಇರಬೇಕು. ಲೂಪ್, ಅಂದರೆ ಫಿಲ್ಮಿನ ಸಡಿಲ ಬಳುಕು, ಮಾಡುವ ಎರಡು ಲೋಹದ ರೆಕ್ಕೆಗಳನ್ನು ಸನ್ನೆ (ಲಿವರ್) ಒತ್ತಿ ಮುಚ್ಚಿ, ತುದಿಯನ್ನು ಮೇಲಿನ ಸ್ಪ್ರಾಕೆಟ್ಟಿಗೆ ತೋರಿಸಿ, ಬಟನ್ ಒತ್ತಿ. ಫಿಲ್ಮ್ ತಾನೇ ದಾರಿ ಹುಡುಕಿಕೊಂಡು ಗೇಟ್ ದಾಟಿ ಕೆಳಗಿನ ಸ್ಪ್ರಾಕೆಟ್ಟಿನಿಂದ ಹೊರಗೆ ಬರುತ್ತದೆ. ಮೊದಲ ಸಲ ನೋಡಿದಾಗ ಯಾರಿಗಾದರೂ ನಗು ಬರುತ್ತದೆ, ಅಷ್ಟು ಚೆಂದ. ಹೊರಗೆ ಬಂದ ತುದಿಯನ್ನು ಖಾಲಿ ಸ್ಪೂಲಿಗೆ ಸಿಕ್ಕಿಸಿ, ರೆಕ್ಕೆಗಳನ್ನು ಬಿಡಿಸಿ, ಮುಚ್ಚಳ ತೆರೆದೇ ಇಟ್ಟು ಒಂದೆರಡು ಸೆಕೆಂಡ್ ಓಡಿಸಿ ನೋಡಬೇಕು. ರೆಕ್ಕೆ ಬಿಡಿಸಲು ಮರೆತರೆ ಫಿಲ್ಮ್ ಉದ್ದಕ್ಕೂ ಉಜ್ಜಿಕೊಂಡೇ ಹೋಗುತ್ತದೆ.

ನೋಡಬೇಕಾದದ್ದು ಲೂಪನ್ನು. ಗೇಟಿನ ಮೇಲೊಂದು, ಕೆಳಗೊಂದು. ಸ್ಪ್ರಾಕೆಟ್ ಚಕ್ರಗಳು ನಿಲ್ಲದೆ ತಿರುಗುತ್ತಲೇ ಇರುತ್ತವೆ. ಗೇಟಿನಲ್ಲಿ ಮಾತ್ರ ಫಿಲ್ಮ್ ಸೆಕೆಂಡಿಗೆ 24 ಸಲ ನಿಂತು 24 ಸಲ ಜಿಗಿಯಬೇಕು, ಕೊಕ್ಕೆಯಂಥ ಒಂದು ಉಗುರು ತೂತಿಗೆ ಸಿಕ್ಕಿಸಿ ಅದನ್ನು ಕೆಳಗೆ ಎಳೆಯುತ್ತದೆ. ಒಂದು ಕಡೆ ಓಡುತ್ತಲೇ ಇರುವ ಚಕ್ರ, ಇನ್ನೊಂದು ಕಡೆ ನಿಂತು ನಿಂತು ಹೋಗುವ ಗೇಟ್. ಇವೆರಡರ ನಡುವೆ ಜಗಳ ಆಗದ ಹಾಗೆ ನೋಡಿಕೊಳ್ಳುವುದು ಆ ಸಡಿಲ. ಸೀರೆ ಉಟ್ಟು ಹೆಜ್ಜೆ ಹಾಕಲು ನೆರಿಗೆ ಬೇಕಲ್ಲ, ಹಾಗೆ. ಅಮೆರಿಕದ ಲೇಥಮ್ ಅನ್ನುವವರ ಹೆಸರಿನಲ್ಲಿ ಇದನ್ನು ಲೇಥಮ್ ಲೂಪ್ ಅನ್ನುತ್ತಾರೆ, 1895ರ ಕಾಲದ್ದು. ಅವತ್ತಿನಿಂದ ಫಿಲ್ಮ್ ಕ್ಯಾಮೆರಾ ಎಷ್ಟೇ ಬದಲಾದರೂ ಈ ಸಡಿಲ ಮಾತ್ರ ಹಾಗೇ ಉಳಿದಿದೆ. ಲೂಪ್ ಚಿಕ್ಕದಾದರೆ ಫಿಲ್ಮ್ ನಿಲ್ಲಬೇಕಾದ ಹೊತ್ತಿಗೆ ನಿಲ್ಲುವುದಿಲ್ಲ, ಚಿತ್ರ ಎಳೆದಂತೆ ಕಲಸುತ್ತದೆ, ತೂತುಗಳು ಹರಿಯುತ್ತವೆ. ಜಾಸ್ತಿಯಾದರೆ ಗೋಡೆಗೆ ಉಜ್ಜಿ ಗೀರು ಬೀಳುತ್ತದೆ. ಶಬ್ದದಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ. ಸರಿ ಇದ್ದಾಗ ಒಂದೇ ಸಮನೆ ಹೊಲಿಗೆ ಹಾಕಿದ ಸದ್ದು, ಲೂಪ್ ತಪ್ಪಿದರೆ ಟಕಟಕ ಅಂತ ಒರಟು ಸದ್ದು. ಅದು ಕಿವಿಗೆ ಅಭ್ಯಾಸ ಆಗಬೇಕು. ಅದಕ್ಕೇ ಹಳೇ ಫಿಲ್ಮ್ ಬೇಕು ಅನ್ನುವುದು.

ಅದೇ ಹಳೇ ಫಿಲ್ಮಿನಲ್ಲಿ ಇನ್ನೊಂದು ಪರೀಕ್ಷೆ ಮಾಡಬಹುದು. ಗೇಟಿನ ಹತ್ತಿರ ಫಿಲ್ಮಿನ ಮೇಲೆ ಮಾರ್ಕರ್ ಪೆನ್ನಿನಲ್ಲಿ ಗುರುತು ಹಾಕಿ, ವೇಗ 24ಕ್ಕೆ ಇಟ್ಟು, ಮೊಬೈಲ್ ಸ್ಟಾಪ್‌ವಾಚ್ ನೋಡಿಕೊಂಡು ಸರಿಯಾಗಿ 10 ಸೆಕೆಂಡ್ ಓಡಿಸಿ. ನಿಂತಲ್ಲಿ ಮತ್ತೆ ಗುರುತು ಹಾಕಿ, ಹೊರಗೆ ತೆಗೆದು ಟೇಪಿನಲ್ಲಿ ಅಳೆಯಿರಿ. 16 ಎಂ.ಎಂ. ಫಿಲ್ಮಿನಲ್ಲಿ ಅಡಿಗೆ 40 ಫ್ರೇಮ್. ಹಾಗಾಗಿ 240 ಫ್ರೇಮಿಗೆ 6 ಅಡಿ ಬರಬೇಕು. ಐದೇ ಅಡಿ ಬಂತು ಅಂದರೆ ಒಳಗಿನ ಗ್ರೀಸ್ ಗಟ್ಟಿಯಾಗಿ ಕ್ಯಾಮೆರಾ ನಿಧಾನವಾಗಿದೆ ಅಂತ ಲೆಕ್ಕ. ಆಗ ಕೀ ಕೊಟ್ಟು ಕೊಟ್ಟು ಬಲವಂತ ಮಾಡುವುದಲ್ಲ, ಬಿಚ್ಚಿ ತೊಳೆಯಲು ಗೊತ್ತಿರುವವರಿಗೆ ಕೊಡಬೇಕು. ಹೊಲಿಗೆ ಯಂತ್ರದ ಎಣ್ಣೆ ಬಿಡುವವರನ್ನು ನೋಡಿದ್ದೇನೆ, ದಯವಿಟ್ಟು ಬೇಡ. ಆ ಎಣ್ಣೆ ಷಟರಿಗೆ (ಬೆಳಕನ್ನು ಬಿಟ್ಟು ತಡೆಯುವ ತಿರುಗು ಬಿಲ್ಲೆ), ಅಲ್ಲಿಂದ ಫಿಲ್ಮಿಗೆ ಹೋಗುತ್ತದೆ.

ಇಷ್ಟೆಲ್ಲ ಸರಿ ಇದ್ದೂ ರೀಲ್ ಖಾಲಿ ಬರಬಹುದು. ರಿಫ್ಲೆಕ್ಸ್ ಬೋಲೆಕ್ಸಿನ ಷಟರನ್ನು ಚಿಕ್ಕದು ದೊಡ್ಡದು ಮಾಡಲು ಪಕ್ಕದಲ್ಲಿ ಒಂದು ಸಣ್ಣ ಸನ್ನೆ ಇದೆ. ಪೂರ್ತಿ ಮುಚ್ಚಲೂ ಬರುತ್ತದೆ, ಕ್ಯಾಮೆರಾದಲ್ಲೇ ಚಿತ್ರ ಮೆಲ್ಲಗೆ ಕಪ್ಪಾಗುವ ಫೇಡ್ ಮಾಡಲಿ ಅಂತ ಕೊಟ್ಟದ್ದು. ಈ ಕ್ಯಾಮೆರಾದಲ್ಲಿ ಲೆನ್ಸಿನ ಹಿಂದೆ ಒಂದು ಪ್ರಿಸಂ ಕೂತು ಸ್ವಲ್ಪ ಬೆಳಕನ್ನು ಕಣ್ಣಿನ ಕಡೆ ಕಳಿಸುತ್ತದೆ, ಷಟರ್ ಇರುವುದು ಅದರ ಹಿಂದೆ. ಹಾಗಾಗಿ ಷಟರ್ ಪೂರ್ತಿ ಮುಚ್ಚಿದ್ದರೂ ನಿಮಗೆ ವ್ಯೂಫೈಂಡರಿನಲ್ಲಿ ಚಿತ್ರ ಚೆನ್ನಾಗೇ ಕಾಣುತ್ತಿರುತ್ತದೆ. ಕ್ಯಾಮೆರಾ ಗಿರ್ ಅನ್ನುತ್ತಿರುತ್ತದೆ, ಫಿಲ್ಮ್ ಓಡುತ್ತಿರುತ್ತದೆ, ಒಂದು ಹನಿ ಬೆಳಕೂ ಅದರ ಮೇಲೆ ಬೀಳುತ್ತಿರುವುದಿಲ್ಲ! ಪ್ರತಿ ಶಾಟಿಗೂ ಆ ಸನ್ನೆ ಮುಟ್ಟಿ ನೋಡುವುದು ಅಭ್ಯಾಸ ಆಗಬೇಕು. ಫಿಲ್ಟರ್ ಹಾಕುವ ಸಣ್ಣ ತಟ್ಟೆಯೂ ಹಾಗೇ, ಫಿಲ್ಟರ್ ಬೇಡವಾದರೂ ಖಾಲಿ ತಟ್ಟೆ ಅದರ ಸೀಳಿನಲ್ಲಿ ಇರಲೇಬೇಕು. ಇಲ್ಲದಿದ್ದರೆ ಅಲ್ಲಿಂದ ಬೆಳಕು ನುಗ್ಗುತ್ತದೆ. ಆನ್‌ಲೈನಿನಲ್ಲಿ ಬರುವ ಕ್ಯಾಮೆರಾಗಳಲ್ಲಿ ಮೊದಲು ಕಾಣೆಯಾಗಿರುವುದೇ ಆ ತಟ್ಟೆ. ಲೆನ್ಸುಗಳನ್ನು ಕೂರಿಸಿ ತಿರುಗಿಸುವ ಟರೆಟ್ಟಿನಲ್ಲಿ ಖಾಲಿ ಇರುವ ತೂತಿಗೂ ಮುಚ್ಚಳ ಬೇಕು. ಟ್ರೈಪಾಡಿನ ಮೇಲಿಟ್ಟು ಕಣ್ಣು ತೆಗೆದು ಓಡಿಸುವುದಾದರೆ ಐಪೀಸನ್ನೂ ಮುಚ್ಚಬೇಕು, ಹಿಂದಿನ ಬಿಸಿಲು ಆ ಕಡೆಯಿಂದಲೂ ಒಳಗೆ ಬರುತ್ತದೆ.

ಫೋಕಸ್ ಬಗ್ಗೆ ಎರಡೇ ಮಾತು. ಐಪೀಸನ್ನು ಮೊದಲು ನಿಮ್ಮ ಕಣ್ಣಿಗೆ ಹೊಂದಿಸಿಕೊಳ್ಳಿ. ಕ್ಯಾಮೆರಾವನ್ನು ಆಕಾಶದ ಕಡೆ ತಿರುಗಿಸಿ, ವ್ಯೂಫೈಂಡರಿನ ಗಾಜಿನ ಮೇಲಿನ ಸಣ್ಣ ಕಾಳು ಸ್ಪಷ್ಟ ಕಾಣುವ ತನಕ ಐಪೀಸ್ ತಿರುಗಿಸಿ, ಅಲ್ಲೇ ಬಿಗಿ ಮಾಡಿ. ಆಮೇಲೆ ಲೆನ್ಸನ್ನು ಪೂರ್ತಿ ತೆರೆದು ಫೋಕಸ್ ಮಾಡಿ, ಬೇಕಾದ ಅಪರ್ಚರಿಗೆ ಇಳಿಸಿ. ದೂರಕ್ಕೆ ಟೇಪ್ ಹಿಡಿಯುವುದಾದರೆ ಲೆನ್ಸಿನ ಮುಂಭಾಗದಿಂದ ಅಲ್ಲ, ಫಿಲ್ಮ್ ಇರುವ ಜಾಗದಿಂದ ಅಳೆಯಬೇಕು.

ಬೆಳಕಿನ ಲೆಕ್ಕದಲ್ಲಿ ಹೊಸಬರು ಎಡವುವುದು ಜಾಸ್ತಿ. ಫಿಲ್ಮ್ ಕ್ಯಾಮೆರಾದಲ್ಲಿ 24 ಫ್ರೇಮ್ ಅಂದರೆ ಸೆಕೆಂಡಿನ 48ರಲ್ಲಿ ಒಂದು ಪಾಲು ಎಕ್ಸ್‌ಪೋಷರ್ ಅಂತ ಎಲ್ಲ ಕಡೆ ಬರೆದಿರುತ್ತಾರೆ, ಅದು 180 ಡಿಗ್ರಿ, ಅಂದರೆ ಬಿಲ್ಲೆಯಲ್ಲಿ ಅರ್ಧ ತೆರೆದಿರುವ, ಷಟರಿನ ಮಾತು. ನನ್ನ ಬೋಲೆಕ್ಸಿನ ಷಟರ್ ಸುಮಾರು 130 ಡಿಗ್ರಿ. ಅಂದರೆ 65ರಲ್ಲಿ ಒಂದು ಪಾಲು. ಅದರ ಮೇಲೆ ಪ್ರಿಸಂ ತಿನ್ನುವ ಬೆಳಕು ಬೇರೆ. ಎರಡೂ ಸೇರಿಸಿ ಲೈಟ್ ಮೀಟರಿನಲ್ಲಿ 80ರಲ್ಲಿ ಒಂದು ಪಾಲು ಅಂತ ಇಟ್ಟುಕೊಂಡರೆ ಸರಿಹೋಗುತ್ತದೆ. ಈಗ ಲೆಕ್ಕ ಹಾಕಿ. 50 ಎಎಸ್ಎ (ಬೆಳಕಿಗೆ ಫಿಲ್ಮಿನ ಚುರುಕುತನದ ಅಳತೆ) ಫಿಲ್ಮಿಗೆ ನಮ್ಮ ಬೆಳಗಿನ ಬಿಸಿಲಿನಲ್ಲಿ ಅಪರ್ಚರ್ ಎಫ್ 11ಕ್ಕೂ 16ಕ್ಕೂ ನಡುವೆ ಎಲ್ಲೋ ಬರುತ್ತದೆ, ಚೆನ್ನಾಗಿದೆ. ಅದೇ 500 ಎಎಸ್ಎ ಫಿಲ್ಮ್ ಅಗ್ಗಕ್ಕೆ ಸಿಕ್ಕಿತು ಅಂತ ತಂದು ಬಿಸಿಲಿಗೆ ಹಿಡಿದರೆ ಎಫ್ 22 ಕೂಡ ಸಾಲುವುದಿಲ್ಲ, ಬೆಳಕು ತಗ್ಗಿಸುವ ಎನ್.ಡಿ. ಫಿಲ್ಟರ್ ಹಾಕದೆ ಬೇರೆ ದಾರಿಯೇ ಇಲ್ಲ. ಹಳೇ ಲೈಟ್ ಮೀಟರುಗಳನ್ನು ನಂಬುವಾಗಲೂ ಹುಷಾರು. ಅವುಗಳಲ್ಲಿ ಹಲವಕ್ಕೆ ಬೇಕಾದ 1.35 ವೋಲ್ಟಿನ ಪಾದರಸದ ಸೆಲ್ ಈಗ ತಯಾರಾಗುವುದಿಲ್ಲ, ಸಿಕ್ಕ ಸೆಲ್ ಹಾಕಿದರೆ ಮುಳ್ಳು ಸುಳ್ಳು ಹೇಳುತ್ತದೆ.

ಒಂದು ರೀಲ್ 100 ಅಡಿ, ಅಂದರೆ 24 ಫ್ರೇಮ್ ವೇಗದಲ್ಲಿ ಎರಡು ಮುಕ್ಕಾಲು ನಿಮಿಷ. ಪೂರ್ತಿ ಕೀ ಕೊಟ್ಟರೆ ಒಂದು ಸಲಕ್ಕೆ ಅರ್ಧ ನಿಮಿಷಕ್ಕಿಂತ ಸ್ವಲ್ಪ ಕಡಿಮೆ ಓಡುತ್ತದೆ. ಮೊಬೈಲಿನಲ್ಲಿ ಗಂಟೆಗಟ್ಟಲೆ ಶೂಟ್ ಮಾಡುವವರಿಗೆ ಇದು ಜಿಪುಣತನ ಅನ್ನಿಸಬಹುದು. ನನಗೆ ಹಿಡಿಸಿರುವುದೇ ಇದು. ಬಟನ್ ಒತ್ತುವ ಮೊದಲು ಏನು ಬೇಕು ಅಂತ ಗೊತ್ತಿರಬೇಕಾಗುತ್ತದೆ. ಎಲ್ಲರಿಗೂ ಹಿಡಿಸಬೇಕು ಅಂತೇನಿಲ್ಲ.

ನಮ್ಮ ಸಿನಿಮಾದವರ ಕೈಯಲ್ಲಿ ಹೆಚ್ಚು ದುಡಿದದ್ದು ಬೋಲೆಕ್ಸ್ ಅಲ್ಲ ಅನ್ನುವುದು ನನಗೂ ಗೊತ್ತು. ಅದು ಆರಿಫ್ಲೆಕ್ಸ್ 35 ಟೂ ಸಿ. ಮ್ಯೂನಿಕ್ಕಿನ ಆರಿ ಕಂಪನಿ 1937ರಲ್ಲಿ ತಿರುಗುವ ಕನ್ನಡಿ ಷಟರಿನ ಕ್ಯಾಮೆರಾ ತಂದಿತಲ್ಲ, ಅದರ ವಂಶದ್ದು. ಮೋಟಾರೇ ಹಿಡಿಕೆ, ಮೂರು ಲೆನ್ಸಿನ ಟರೆಟ್, ಮೇಲೆ 400 ಅಡಿಯ ಮ್ಯಾಗಜಿನ್. 35 ಎಂ.ಎಂ. ಆದ್ದರಿಂದ 400 ಅಡಿ ಅಂದರೂ ನಾಲ್ಕೂವರೆ ನಿಮಿಷವೂ ಇಲ್ಲ. ಅದರ ಸದ್ದು ಎಷ್ಟು ಅಂದರೆ ಮೈಕಿಟ್ಟು ಮಾತು ಹಿಡಿಯುವ ಹಾಗೇ ಇಲ್ಲ. ನಮ್ಮಲ್ಲಿ ಎಲ್ಲವನ್ನೂ ಆಮೇಲೆ ಡಬ್ಬಿಂಗ್ ಮಾಡುತ್ತಿದ್ದುದಕ್ಕೆ ಇದೂ ಒಂದು ಕಾರಣ. ಆ ಹಿರಿಯರು ಹೇಳುತ್ತಿದ್ದರು, ಟೂ ಸಿಯಲ್ಲಿ ಫಿಲ್ಮ್ ಹಾಕಿದ ಕೂಡಲೇ ಸ್ವಿಚ್ ಒತ್ತುವವನು ಅಸಿಸ್ಟೆಂಟೇ ಅಲ್ಲ ಅಂತ. ಮೊದಲು ಕೈಯಿಂದ ತಿರುಗುವ ಗುಂಡಿ ಹಿಡಿದು ನಾಲ್ಕು ಸುತ್ತು ತಿರುಗಿಸಬೇಕು, ಉಗುರು ತೂತಿಗೆ ಸರಿಯಾಗಿ ಕೂತಿದೆಯಾ ಅಂತ ಬೆರಳಿಗೇ ಗೊತ್ತಾಗುತ್ತದೆ, ಆಮೇಲೆ ಕರೆಂಟ್. ಶಾಟ್ ಆದ ಮೇಲೆ ಲೆನ್ಸ್ ತೆಗೆದು ಗೇಟಿನಲ್ಲಿ ಕೂದಲು, ಚೂರು ಏನಾದರೂ ಸಿಕ್ಕಿದೆಯಾ ನೋಡಿದ ನಂತರವೇ ಮುಂದಿನ ಸೆಟಪ್.

ಇಂಥ ಕೆಲಸ ಗೊತ್ತಿರುವವರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಬೆಂಗಳೂರು, ಮೈಸೂರಿನಲ್ಲಿ ವಿಚಾರಿಸಿದರೆ ಸಿಗುತ್ತಾರೆ, ಹಲವರಿಗೆ ವಯಸ್ಸಾಗಿದೆ. ನಮಗೆ ದೊಡ್ಡ ಪರಂಪರೆಯೇ ಇದೆ ಅಲ್ವಾ? ಮೈಸೂರಿನ ವಿ.ಕೆ. ಮೂರ್ತಿಯವರು ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣ ಕಲಿತು ಮುಂಬೈಗೆ ಹೋದವರು. 2008ನೇ ಸಾಲಿನ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು, ಛಾಯಾಗ್ರಾಹಕರೊಬ್ಬರಿಗೆ ಅದು ಸಿಕ್ಕಿದ್ದು ಅದೇ ಮೊದಲು. ನಿರ್ದೇಶಕ ಗೋವಿಂದ್ ನಿಹಲಾನಿ ಕಲಿತದ್ದೂ ಅಲ್ಲೇ. ಅಷ್ಟೆಲ್ಲ ಇದ್ದೂ ಈಗ ಕ್ಯಾಮೆರಾ ಕಲಿಯುವ ಎಷ್ಟೋ ಹುಡುಗ ಹುಡುಗಿಯರು ಲೂಪ್ ಅನ್ನುವುದನ್ನು ಪರೀಕ್ಷೆಯ ಉತ್ತರದಲ್ಲಿ ಬರೆಯುತ್ತಾರೆ, ಕೈಯಲ್ಲಿ ಮಾಡಿರುವುದಿಲ್ಲ. ಕ್ಯಾಮೆರಾ ಅದೇ ಕಟ್ಟಡದ ಗಾಜಿನ ಪೆಟ್ಟಿಗೆಯಲ್ಲಿ ಬೀಗ ಹಾಕಿಕೊಂಡು ಕೂತಿರುತ್ತದೆ. ನಾನು ಒಂದು ಕಡೆ ಕೇಳಿ ನೋಡಿದೆ. ‘ಹಾಳಾದರೆ ಯಾರು ಜವಾಬ್ದಾರಿ?’ ಅಂದರು. ಓಡಿಸದೆ ಇಟ್ಟರೂ ಗ್ರೀಸ್ ಗಟ್ಟಿಯಾಗಿ, ಫಂಗಸ್ ಹಿಡಿದು ಹಾಳಾಗುತ್ತದೆ, ಆ ಜವಾಬ್ದಾರಿ ಯಾರದ್ದು ಅಂತ ಕೇಳೋಣ ಅಂದುಕೊಂಡೆ. ಅಷ್ಟರಲ್ಲಿ ಅವರಿಗೆ ಮೀಟಿಂಗ್ ಇತ್ತು.

ಫಿಲ್ಮೇ ಸಿಗುವುದಿಲ್ಲ, ಕಲಿತು ಏನು ಮಾಡುವುದು ಅನ್ನುವವರಿಗೆ: ಫ್ಯೂಜಿ 2013ರಲ್ಲಿ ಸಿನಿಮಾ ನೆಗೆಟಿವ್ ನಿಲ್ಲಿಸಿದ್ದು ನಿಜ, ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಮುಚ್ಚಿದ್ದೂ ನಿಜ. ಆದರೆ ಕೊಡಾಕ್ ಈಗಲೂ 16 ಮತ್ತು 35 ಎಂ.ಎಂ. ಫಿಲ್ಮ್ ತಯಾರಿಸುತ್ತದೆ. ಬೆಲೆ ಜಾಸ್ತಿ, ತೊಳೆಸುವುದು ತಲೆನೋವು, ಒಪ್ಪುತ್ತೇನೆ. ಹಾಕಿ ತೆಗೆದು ಕಲಿಯಲು ಮಾತ್ರ ಹೊಸ ಫಿಲ್ಮ್ ಬೇಕಾಗಿಲ್ಲ.

ಹಾಗಾಗಿ ನಿಮ್ಮ ಪತ್ರಿಕೆಯ ಮೂಲಕ ಎರಡು ಕೋರಿಕೆ. ಕ್ಯಾಮೆರಾ ಇಟ್ಟುಕೊಂಡಿರುವ ಕಾಲೇಜು, ಸಂಸ್ಥೆಗಳು ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಆ ಬೀಗ ತೆಗೆಯಲಿ. ಒಬ್ಬ ಹಳೇ ಅಸಿಸ್ಟೆಂಟರನ್ನು ಕರೆಸಿ, ಹೋಗಿ ಬರುವ ಖರ್ಚಿನ ಜೊತೆ ಗೌರವಧನವನ್ನೂ ಕೊಟ್ಟು, ಹತ್ತು ಮಕ್ಕಳ ಕೈಯಲ್ಲಿ ಫಿಲ್ಮ್ ಹಾಕಿಸಲಿ. ಎರಡನೆಯದು ಓದುಗರಿಗೆ. ಹಳೇ ಸ್ಟುಡಿಯೊ, ಮದುವೆ ವಿಡಿಯೊ, ಸಾಕ್ಷ್ಯಚಿತ್ರದ ಕೆಲಸ ಮಾಡಿದವರ ಮನೆಯ ಅಟ್ಟದಲ್ಲಿ ಡೇಟ್ ಮುಗಿದ, ಬಳಸದ 16 ಎಂ.ಎಂ. ರೀಲುಗಳಿದ್ದರೆ ಗುಜರಿಗೆ ಹಾಕಬೇಡಿ, ಹತ್ತಿರದ ಸಿನಿಮಾ ಕಲಿಸುವ ಕಾಲೇಜಿಗೆ ಕೊಡಿ. ಕೊಡುವ ಮೊದಲು ಡಬ್ಬಿಗೆ ಮೂಗು ಹಿಡಿದು ನೋಡಿ, ವಿನೆಗರ್ ತರಹದ ಹುಳಿ ವಾಸನೆ ಬಂದರೆ ಆ ಫಿಲ್ಮ್ ಕುಗ್ಗಿರುತ್ತದೆ, ಕ್ಯಾಮೆರಾಗೆ ಹಾಕುವ ಹಾಗಿಲ್ಲ. 1950ರ ದಶಕಕ್ಕಿಂತ ಹಿಂದಿನ 35 ಎಂ.ಎಂ. ರೀಲಾದರೆ ಅದು ನೈಟ್ರೇಟ್ ಅನ್ನುವ ಹಳೇ ಬಗೆಯ ಫಿಲ್ಮ್ ಇರಬಹುದು, ಸುಲಭವಾಗಿ ಬೆಂಕಿ ಹಿಡಿಯುತ್ತದೆ. ಅದನ್ನು ಬಿಸಿಲಿಗೂ ಒಲೆಯ ಹತ್ತಿರಕ್ಕೂ ತರದೆ ಪುಣೆಯ ಫಿಲ್ಮ್ ಆರ್ಕೈವಿನವರನ್ನು ಕೇಳಿ. ಮತ್ತು ಚಿತ್ರ ತೆಗೆದಿರುವ ರೀಲನ್ನು ಅಭ್ಯಾಸಕ್ಕೆ ಯಾವ ಕಾರಣಕ್ಕೂ ಕೊಡಬೇಡಿ. ನಿಮ್ಮ ಅಜ್ಜಿಯ ಮದುವೆ ಅದರಲ್ಲಿರಬಹುದು.

— ಒಬ್ಬ ಓದುಗ, ಮೈಸೂರು